ಟೇಪಿನ ಮೇಲೊಂದು ಕವಚ

ಎರಡು ತಂತಿಗಳನ್ನು ಹೆಣೆದು ಟೇಪು ಸುತ್ತಿದೊಡನೆ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಪಿ.ವಿ.ಸಿ. ಟೇಪಿನ ಅಂಟು ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ಬಿಟ್ಟುಕೊಂಡ ಅಂಚಿನಿಂದ ತೇವವು ನುಗ್ಗಿ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಆದಕಾರಣ ಟೇಪಿನ ಮೇಲೆ ಒಂದು ಲೇಪವನ್ನು ಬಳಿಯುವುದುಂಟು.

ಅಂಗಡಿಗಳಲ್ಲಿ ದೊರೆಯುವ ಇಂತಹ ಲೇಪಗಳಲ್ಲಿ ಅನೇಕವು ಟಾಲೀನ್, ಜೈಲೀನ್ ಮೊದಲಾದ ದ್ರಾವಕಗಳಲ್ಲಿ ಕರಗಿಸಿದ ರಾಳ ಅಥವಾ ರಬ್ಬರು. ಒಣಗಿ ಉಳಿಯುವ ಪೊರೆಯಿಂದ ಅಷ್ಟಾಗಿ ತೊಂದರೆಯಿಲ್ಲ. ಕೇಡಿರುವುದು ಹಾರಿಹೋಗುವ ಆವಿಯಲ್ಲಿ. ಟಾಲೀನಿನ ಆವಿಯು ತಲೆ ಸುತ್ತಿಸುತ್ತದೆ, ನರಮಂಡಲವನ್ನು ಬಾಧಿಸುತ್ತದೆ, ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಮೇಲಾಗಿ ಅದು ಗಾಳಿಗಿಂತ ಸುಮಾರು 3 ಪಟ್ಟು ಭಾರ. ಪಂಪು ಕೂರಿಸಿದ ಗುಂಡಿಗೆ ಇಳಿದು ಜೋಡಣೆ ಮಾಡುವ ರೈತನ ಸುತ್ತಲೇ ಅದು ಮಡುಗಟ್ಟಬಲ್ಲದು.

ಬದಲಿಯೇನು? ನಮ್ಮ ದೇಶದ ಅರಗನ್ನೇ ಮೊದಲು ನೆನೆಯೋಣ. ಮುತ್ತುಗ, ಎಲಚಿ ಮರಗಳ ಮೇಲೆ ಬಾಳುವ ಪುಟ್ಟ ಕೀಟವೊಂದು ಸ್ರವಿಸುವ ಈ ರಾಳವನ್ನು ಶುದ್ಧಗೊಳಿಸಿ ಮದ್ಯಸಾರದಲ್ಲಿ ಕರಗಿಸಿದರೆ ವಿದ್ಯುತ್ತನ್ನು ತಡೆಯುವ ಒಳ್ಳೆಯ ಮೆರುಗೆಣ್ಣೆಯಾಗುತ್ತದೆ. ಔಷಧದ ಮಾತ್ರೆಗಳಿಗೂ ಮಿಠಾಯಿಗಳಿಗೂ ಲೇಪಿಸುವ ವಸ್ತುವಿದು! ಆದರೆ ಮಿಥೈಲ್ ಬೆರೆತ ಸ್ಪಿರಿಟ್ಟು ಸಲ್ಲದು, ಅದು ವಿಷ. ಶುದ್ಧ ಮದ್ಯಸಾರವಾದರೂ ಬೆಂಕಿಗೆ ದೂರವಿರಬೇಕು. ಅರಗು ಬಾಗಿಸಿದರೆ ಬಿರಿಯುತ್ತದೆ, ಬಹುಕಾಲ ನೀರು ತಗುಲಿದರೆ ಬೆಳ್ಳಗಾಗುತ್ತದೆ. ಒಣಗಿದ ಜಾಗದಲ್ಲಿ ಅಲುಗದೆ ಇರುವ ಜೋಡಣೆಗಷ್ಟೇ ಅದು ತಕ್ಕುದು.

ತೇವದ ಎಡೆಗೆ, ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುವ ರಬ್ಬರಿನ ಪಟ್ಟಿ ಮೇಲೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ದ್ರಾವಕವೇ ಬೇಡ. ವಿದ್ಯುತ್ತನ್ನು ನಿಲ್ಲಿಸಿ, ಪಟ್ಟಿಯನ್ನು ಚೆನ್ನಾಗಿ ಎಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸುತ್ತಿದರೆ ಸುತ್ತುಗಳೆಲ್ಲ ಕೂಡಿ ಒಂದೇ ಮುದ್ದೆಯಾಗುತ್ತವೆ. ಸಿಲಿಕೋನ್ ಅಂಟನ್ನು ಬಳಸುವವರು ಅದನ್ನು ಮೂಸಿ ನೋಡಲಿ: ವಿನೆಗರಿನ ಹುಳಿವಾಸನೆ ಬಂದರೆ ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುವ ಜಾತಿ, ಆ ಆಮ್ಲವು ತಾಮ್ರವನ್ನೇ ತಿನ್ನುತ್ತದೆ.