ಮನಸ್ಸಿನ ಆರೋಗ್ಯ: ಮನೆಯವರು ತಿಳಿದಿರಬೇಕಾದ ಕೆಲವು ವಿಷಯಗಳು



ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸಕ್ಕರೆ ಕಾಯಿಲೆ ಬಂದರೆ ಅಂಗಡಿ ಮುಂದೆ ನಿಂತೇ ಹೇಳಿಕೊಳ್ಳುತ್ತಾರೆ. ಮನಸ್ಸಿನ ಕಾಯಿಲೆಯಾದರೆ ಮಾತ್ರ ಸುದ್ದಿ ಹೊಸಿಲು ದಾಟುವುದಿಲ್ಲ. ಮಗಳ ಸಂಬಂಧ ತಪ್ಪೀತು, ಪೇಟೆಯಲ್ಲಿ ಉದ್ರಿ ನಿಂತೀತು ಎಂಬ ಭಯ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ನಮ್ಮದು ಕಬ್ಬಿನ ಜಿಲ್ಲೆ. ರೈತನಿಗೆ ಕಬ್ಬಿನ ಬಾಕಿ ಬಾರದಿದ್ದರೆ ಅಂಗಡಿಯ ಉದ್ರಿ ಖಾತೆಯೂ ತೀರುವುದಿಲ್ಲ. 2015ರಲ್ಲಿ ಇಲ್ಲಿ ರೈತರು ಪ್ರಾಣ ಕಳೆದುಕೊಂಡದ್ದನ್ನು ಕಂಡವರಿಗೆ ಸಾಲದ ಚಿಂತೆ ಎಲ್ಲಿಯವರೆಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ನಷ್ಟವಾದಾಗ ನಾಲ್ಕು ದಿನ ನಿದ್ರೆ ಬಾರದಿರುವುದು ಕಾಯಿಲೆಯಲ್ಲ. ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುವುದಿಲ್ಲ, ನಸುಕಿಗೇ ಎಚ್ಚರ, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬರುತ್ತಿದೆ ಎಂದರೆ ವೈದ್ಯರಿಗೆ ತೋರಿಸಬೇಕು. ಅಂಥ ಮಾತು ಬಂದಾಗ 'ಸಾಯುವ ಯೋಚನೆ ಬರುತ್ತಿದೆಯೇ' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟವಾದುದು ದೂರವಾದಾಗ, ಬೇಡವಾದುದು ಅಂಟಿಕೊಂಡಾಗ ಮನಸ್ಸು ಅದನ್ನೇ ಸುತ್ತುವುದನ್ನು ನಮ್ಮ ಶಾಸ್ತ್ರ ಆರ್ತಧ್ಯಾನ ಎನ್ನುತ್ತದೆ. ಸಾಮಾಯಿಕ, ಸ್ವಾಧ್ಯಾಯದಿಂದ ಮನಸ್ಸು ಹದಕ್ಕೆ ಬರುವುದು ನಿಜ. ಆದರೆ ತೀವ್ರ ಖಿನ್ನತೆಯಲ್ಲಿರುವವರಿಗೆ 48 ನಿಮಿಷ ಕೂರುವ ಶಕ್ತಿಯೇ ಇರುವುದಿಲ್ಲ. 'ಜಪ ಮಾಡು, ಸರಿಹೋಗುತ್ತೆ' ಎಂದು ಬಿಟ್ಟರೆ, ಜಪವೂ ಆಗಲಿಲ್ಲವಲ್ಲ ಎಂಬ ಕೊರಗು ಇನ್ನೊಂದು ಸೇರುತ್ತದೆ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ವ್ರತ ಮತ್ತು ಮಾತ್ರೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಹಿರಿಯರು ರಾತ್ರಿಯ ಮಾತ್ರೆಯನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ವೈದ್ಯರಿಗೂ ಹೇಳುವುದಿಲ್ಲ. ಮೊದಲೇ ಹೇಳಿದರೆ ಎಷ್ಟೋ ಮಾತ್ರೆಗಳ ಹೊತ್ತನ್ನು ಅವರು ಸಂಜೆಗೆ ಬದಲಿಸಿಕೊಡುತ್ತಾರೆ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ನಡುನಡುವೆ ಬಿಟ್ಟರೆ ಪ್ರಯೋಜನವಿಲ್ಲ. ಲಿಥಿಯಂ ತೆಗೆದುಕೊಳ್ಳುವವರಂತೂ ದಶಲಕ್ಷಣ ಪರ್ವದಲ್ಲಿ ನೀರಿಲ್ಲದ ಉಪವಾಸ ಹಿಡಿಯುವ ಮುನ್ನ ವೈದ್ಯರನ್ನು ಕೇಳಲೇಬೇಕು. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರಿ ವಿಷವಾಗಬಹುದು. ಕೈ ನಡುಕ, ವಾಂತಿ, ತೊದಲು ಕಂಡರೆ ಪಾರಣೆಯ ದಿನಕ್ಕೆ ಕಾಯುವ ಹಾಗಿಲ್ಲ.

ಇನ್ನೊಂದು, ಬಿ12. ಈ ಜೀವಸತ್ವ ಸಸ್ಯಾಹಾರದಲ್ಲಿ ಹಾಲು ಮೊಸರಿನಿಂದ ಮಾತ್ರ ಸ್ವಲ್ಪ ಸಿಗುತ್ತದೆ. ಕೊರತೆಯಾದರೆ ಸುಸ್ತು, ಮರೆವು, ಮಂಕು ಬರಬಹುದು. ಥೈರಾಯ್ಡ್ ಕಡಿಮೆಯಾದರೂ ಹಾಗೆಯೇ. 'ವಯಸ್ಸಾಯ್ತು' ಎನ್ನುವ ಮೊದಲು ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ತೋರಿಸುವುದೆಲ್ಲಿ? ಮಂಡ್ಯದ ಮಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಲಾಗಿದೆ. ಮದ್ದೂರು, ಮಳವಳ್ಳಿಯವರು ದಿನ, ಹೊತ್ತು ವಿಚಾರಿಸಿಕೊಂಡು ಹೋಗಿ. ಬೆಂಗಳೂರಿನವರೆಗೆ ಹೋಗಬೇಕಲ್ಲ ಎಂದು ತಿಂಗಳುಗಟ್ಟಲೆ ಮುಂದೂಡುವುದು ಬೇಡ. ಊರಿಗೆಲ್ಲ ತಿಳಿಯುತ್ತದೆ ಎನ್ನುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ.

2022ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ತೊಂದರೆಯಲ್ಲಿರುವವರು ಬರಲು ಒಪ್ಪದಿದ್ದರೆ, ಏನು ಮಾಡಬೇಕೆಂದು ಮನೆಯವರೇ ಕರೆ ಮಾಡಿ ಕೇಳಬಹುದು.