ಕೂಡಲರಿಯದ ಯಂತ್ರ

ದೆಹಲಿಯ ಮದ್ರಾಸಿ ಎಜುಕೇಷನ್ ಅಸೋಸಿಯೇಷನ್ನಿನ ಶಾಲೆಯಲ್ಲಿ ಓದಿ, ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಅಭ್ಯಸಿಸಿ, 1952ರಲ್ಲಿ ಪದವೀಧರನಾದ ವೈದ್ಯೇಶ್ವರನ್ ರಾಜಾರಾಮನ್ ಎಂಬ ತರುಣನಿಗೆ, ಮುಂದೊಮ್ಮೆ ತಾನು ಒಂದು ನೂತನ ಭಾಷೆಯ ಅಕ್ಷರಾಭ್ಯಾಸವನ್ನು ಅಸಂಖ್ಯ ವಿದ್ಯಾರ್ಥಿಗಳಿಗೆ ಮಾಡಿಸತಕ್ಕವನೆಂಬ ಕಲ್ಪನೆಯು ಬರುವಂತಿರಲಿಲ್ಲ. ಆ ಭಾಷೆಯೇ ಆಗಿನ್ನೂ ಹುಟ್ಟಿರಲಿಲ್ಲ, ಅದನ್ನು ಕೇಳಿ ನಡೆಯಬೇಕಾದ ಗಣಕಯಂತ್ರವಂತೂ ದೆಹಲಿಯಲ್ಲಾಗಲಿ ದೇಶದ ಮತ್ತಾವ ಮೂಲೆಯಲ್ಲಾಗಲಿ ಒಂದೂ ಇರಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವ್ಯಾಸಂಗ, ಅಮೆರಿಕದಲ್ಲಿ 1961ರ ಡಾಕ್ಟರೇಟು, ಇಷ್ಟನ್ನು ಮುಗಿಸಿಕೊಂಡು ಆತನು ಕಾನ್ಪುರದ ಐ.ಐ.ಟಿ.ಯನ್ನು ಸೇರಿದನು. ಅಲ್ಲಿಯ ಗಣಕಕೇಂದ್ರದ ಮುಖ್ಯಸ್ಥರಾಗಿದ್ದವರು, ನಮ್ಮ ಹಿರೇಮಗಳೂರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಲ್ಲಿ ಧರಿಸಿದ್ದ ಎಚ್.ಕೆ. ಕೇಶವನ್. 1963ರಲ್ಲಿ ಅಮೆರಿಕದ ಸಹಾಯದಿಂದ ಆ ಕೇಂದ್ರಕ್ಕೆ ಐ.ಬಿ.ಎಂ. 1620 ಎಂಬ ಯಂತ್ರವು ಬಂದಿಳಿಯಿತು.

ಈ ಯಂತ್ರದ ಚರಿತ್ರೆ ಬಲು ವಿನೋದಕರವಾದುದು. ಲಕ್ಷಗಟ್ಟಲೆ ಲೆಕ್ಕಗಳನ್ನು ಮಾಡಬಲ್ಲ ಇದಕ್ಕೆ ಎರಡು ಮತ್ತು ಮೂರನ್ನು ಕೂಡಲು ಬರುತ್ತಿರಲಿಲ್ಲ! ಕೂಡುವುದಕ್ಕೆ ಬೇಕಾದ ವಿದ್ಯುನ್ಮಂಡಲವನ್ನು, ಬೆಲೆಯನ್ನು ತಗ್ಗಿಸುವ ಸಲುವಾಗಿ, ನಿರ್ಮಾಪಕರು ಅದರೊಳಗೆ ಇರಿಸಿರಲೇ ಇಲ್ಲ. ಅದಕ್ಕೆ ಬದಲಾಗಿ, ಹಳೆಯ ಕೂಲಿಮಠದ ಹುಡುಗನು ಬಾಯಿಪಾಠ ಮಾಡಿದ ಮಗ್ಗಿಯಂತೆ, ಸ್ಮೃತಿಕೋಶದ 300ರಿಂದ 399ರವರೆಗಿನ ಮನೆಗಳಲ್ಲಿ ಸಂಕಲನದ ಕೋಷ್ಟಕವನ್ನೂ, 100ರಿಂದ 299ರವರೆಗಿನ ಮನೆಗಳಲ್ಲಿ ಗುಣಾಕಾರದ ಕೋಷ್ಟಕವನ್ನೂ ಬರೆದಿಟ್ಟಿದ್ದರು. ಯಂತ್ರವು ಪ್ರತಿಯೊಂದು ಅಂಕೆಗೂ ಅಲ್ಲಿ ಹೋಗಿ ಉತ್ತರವನ್ನು ನೋಡಿಕೊಂಡು ಬರುತ್ತಿತ್ತು. ಯಾವನಾದರೂ ಅಜಾಗರೂಕನು ಆ ಮನೆಗಳ ಮೇಲೆ ಬೇರೇನನ್ನಾದರೂ ಬರೆದುಬಿಟ್ಟರೆ, ಮಗ್ಗಿಯನ್ನು ಮರೆತ ಹುಡುಗನಂತೆ ಅದು ನಿಸ್ಸಂಕೋಚವಾಗಿ ತಪ್ಪು ಲೆಕ್ಕವನ್ನು ಒಪ್ಪಿಸುತ್ತಿತ್ತು. ಕೂಡಲು ಬಾರದು, ಯತ್ನವನ್ನೂ ಮಾಡದು, ಎಂದು ಅಮೆರಿಕದ ತಂತ್ರಜ್ಞರು ಇದನ್ನು ಹಾಸ್ಯಮಾಡುತ್ತಿದ್ದುದು ಸುಮ್ಮನೆಯಲ್ಲ.

ಇಂಥ ಯಂತ್ರದೊಡನೆ ಅದರ ಸ್ವಂತ ಭಾಷೆಯಲ್ಲಿ ಸಂಭಾಷಿಸುವುದು ತಪಸ್ಸೇ ಸರಿ. ಒಂದೊಂದು ಆಜ್ಞೆಗೂ 12 ಅಂಕೆಗಳು: ಮೊದಲೆರಡು ಕ್ರಿಯೆಯನ್ನು ಸೂಚಿಸುವವು, ಉಳಿದ ಹತ್ತು ಎರಡು ಮನೆಗಳ ವಿಳಾಸಗಳು. 21 ಎಂದರೆ ಕೂಡು, 22 ಎಂದರೆ ಕಳೆ, 23 ಎಂದರೆ ಗುಣಿಸು. ಗುಣಲಬ್ಧವು ಯಾವಾಗಲೂ 80ರಿಂದ 99ರವರೆಗಿನ ಮನೆಗಳಲ್ಲಿಯೇ ಬಂದು ಬೀಳುತ್ತಿದ್ದುದರಿಂದ, ಅದನ್ನು ಬೇರೆಡೆಗೆ ಸಾಗಿಸದೆ ಇನ್ನೊಂದು ಗುಣಾಕಾರಕ್ಕೆ ಕೈಹಾಕಿದವನು ಹಿಂದಿನದನ್ನು ಕಳೆದುಕೊಳ್ಳುತ್ತಿದ್ದನು.

ಈ ಕ್ಲೇಶವನ್ನು ಪರಿಹರಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಐ.ಬಿ.ಎಂ. ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಆತನ ಸಂಗಡಿಗರದು. ಸೂತ್ರಗಳ ಅನುವಾದವೆಂಬ ಅರ್ಥದ ಇಂಗ್ಲಿಷ್ ಪದಗಳನ್ನು ಹ್ರಸ್ವಗೊಳಿಸಿ ಫೋರ್ಟ್ರಾನ್ ಎಂದು ಹೆಸರಿಟ್ಟ ಭಾಷೆಯನ್ನು ಅವರು 1957ರಲ್ಲಿ ಹೊರತಂದರು. ಬೀಜಗಣಿತದಲ್ಲಿ ಬರೆಯುವಂತೆಯೇ ಒಂದು ಸಮೀಕರಣವನ್ನು ಬರೆದರೆ ಸಾಕು. ಯಾವುದನ್ನು ಮೊದಲು ಗುಣಿಸಬೇಕು, ಯಾವುದನ್ನು ಆಮೇಲೆ ಕೂಡಬೇಕು, ಯಾವ ಸಂಖ್ಯೆಗೆ ಯಾವ ಮನೆ, ಎಂಬುದೆಲ್ಲವನ್ನೂ ಕಂಪೈಲರ್ ಎಂಬ ದುಭಾಷಿಯು ನಿರ್ಣಯಿಸಿ, ಯಂತ್ರಕ್ಕೆ ತಿಳಿಯುವ ಅಂಕೆಗಳಾಗಿ ಪರಿವರ್ತಿಸುತ್ತಿತ್ತು. ಯಂತ್ರವು ಮಾಡುವ ಅನುವಾದವು ನುರಿತ ಮನುಷ್ಯನು ಕೈಯಾರೆ ಬರೆದ ಆಜ್ಞಾವಳಿಯ ವೇಗಕ್ಕೆ ಸರಿಗಟ್ಟದೆಂದು ಶಂಕಿಸಿದವರೇ ಆಗ ಬಹಳ. ಆದ್ದರಿಂದಲೇ ಬ್ಯಾಕಸನು ಅನುವಾದದ ದಕ್ಷತೆಗಾಗಿ ಅಷ್ಟೊಂದು ಶ್ರಮಪಟ್ಟನು. (ಇದೇ ಬ್ಯಾಕಸನು ಮುಂದೆ ಆಲ್ಗಾಲ್ ಭಾಷೆಗೆ ರಚಿಸಿದ ವ್ಯಾಕರಣಪದ್ಧತಿಗೆ ಪಾಣಿನಿಯ ಹೆಸರನ್ನೂ ಜೋಡಿಸಬೇಕೆಂದು 1967ರಲ್ಲಿ ಇಂಗರ್ಮನ್ ಎಂಬಾತನು ಸೂಚಿಸಿದನು. ಸೂಚನೆ ಉಚಿತವೇ, ಆದರೆ ಅಷ್ಟರಿಂದಲೇ ಗಣಕವನ್ನು ನಾವೇ ಕಂಡುಹಿಡಿದೆವೆಂದು ಬೀಗುವುದು ಪಾಣಿನಿಗೂ ಹಿಡಿಸಲಾರದು.)

ಯಂತ್ರದೊಳಗೆ ದುಭಾಷಿಯಿದ್ದ ಮಾತ್ರಕ್ಕೆ ಕೆಲಸವಾಗಲಿಲ್ಲ. ಯಂತ್ರದ ಹೊರಗೂ ಒಬ್ಬ ದುಭಾಷಿಯು ಬೇಕಾಗಿತ್ತು. ಕಾನ್ಪುರದಲ್ಲಿ ರಾಜಾರಾಮನ್ನರು ಸಹೋದ್ಯೋಗಿಗಳೊಡನೆ ಹತ್ತು ದಿನಗಳ ತರಗತಿಗಳನ್ನು ನಡೆಸಿ, ಅನ್ಯಸಂಸ್ಥೆಗಳಿಂದ ಬಂದ ಅಧ್ಯಾಪಕರಿಗೂ ವಿಜ್ಞಾನಿಗಳಿಗೂ ಫೋರ್ಟ್ರಾನನ್ನು ಕಲಿಸಿದರು. ಕಲಿಯುವವರು ಒಂದೊಂದು ವಾಕ್ಯವನ್ನೂ 80 ಕಂಬಸಾಲುಗಳ ಒಂದೊಂದು ರಟ್ಟಿನ ಕಾರ್ಡಿನ ಮೇಲೆ ರಂಧ್ರಗಳಾಗಿ ಕೊರೆಯಬೇಕಾಗಿತ್ತು. ವಾಕ್ಯಕ್ಕೆ ಮೀಸಲಾದುದು ಏಳನೆಯ ಸಾಲಿನಿಂದ 72ನೆಯದರವರೆಗೆ ಮಾತ್ರ. ಕೊನೆಯ ಎಂಟು ಸಾಲುಗಳಲ್ಲಿ ಕ್ರಮಸಂಖ್ಯೆಯನ್ನು ಕೊರೆಯುವ ಜಾಣರು, ಕಟ್ಟು ಕೈಜಾರಿ ಕಾರ್ಡುಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದಾಗ ಉಳಿದವರಷ್ಟು ಅಳುತ್ತಿರಲಿಲ್ಲ. ಆ ಪಾಠಗಳೇ ಬೆಳೆದು 1969ರಲ್ಲಿ ಪುಸ್ತಕವಾದುವು. ಅದನ್ನು ಅಚ್ಚುಹಾಕಿಸಿದ ಪ್ರೆಂಟಿಸ್ ಹಾಲ್ ಆಫ್ ಇಂಡಿಯಾ ಇದ್ದುದು ರಾಜಾರಾಮನ್ನರು ಓದಿ ಬೆಳೆದ ದೆಹಲಿಯಲ್ಲಿಯೇ. ಕಾರ್ಡುಗಳು ಮರೆಯಾದುವು, ಭಾಷೆಯು ಫೋರ್ಟ್ರಾನ್ 77, 90, 95 ಎಂದು ರೂಪಾಂತರ ಹೊಂದಿತು; ರಾಜಾರಾಮನ್ನರೂ, ಬೆಂಗಳೂರಿಗೆ ಮರಳಿದ ಮೇಲೆಯೂ ಬೇಸರಿಸದೆ, ಆಯಾ ರೂಪಕ್ಕೆ ತಕ್ಕಂತೆ ಹೊಸದಾಗಿ ಬರೆಯುತ್ತ ಹೋದರು.

ಇಂದು ದೆಹಲಿಯ ಮಗ್ಗುಲಲ್ಲಿರುವ ನೋಯ್ಡಾದ ರಾಷ್ಟ್ರೀಯ ಮಧ್ಯಮಾವಧಿ ಹವಾ ಮುನ್ಸೂಚನಾ ಕೇಂದ್ರದಲ್ಲಿ, ನಾಳೆ ನಾಡಿದ್ದಿನ ಮಳೆಯನ್ನು ಲೆಕ್ಕಹಾಕುವ ಮಹಾಗಣಕಗಳು ನಡೆಸುವ ಸೂತ್ರಾವಳಿಯ ಬಹುಭಾಗವು ಫೋರ್ಟ್ರಾನಿನಲ್ಲಿಯೇ ಬರೆಯಲ್ಪಟ್ಟಿದೆ. ಆ ಯಂತ್ರಗಳಿಗೆ ಮಾತ್ರ ಕೂಡಲು ಬರುತ್ತದೆ.