ಚೆಲುವಿನ ಅಳತೆಗೋಲು ಯಾರ ಕೈಯಲ್ಲಿದೆ?

ಮದುವೆಯ ಹಂಗಾಮು ಹತ್ತಿರವಾದಂತೆ ವಧು-ವರರ ಪರಿಚಯ ಪತ್ರಗಳು ನಮ್ಮ ಕೈಗೆ ಬರತೊಡಗುತ್ತವೆ. ಹುಡುಗಿಯ ಪತ್ರದಲ್ಲಿ ಮನೆತನ, ವಿದ್ಯೆ, ಎತ್ತರ ಆದ ಮೇಲೆ ‘ಬಣ್ಣ’ ಎಂಬ ಒಂದು ಸಾಲು ತಪ್ಪದೆ ಇರುತ್ತದೆ. ಗೌರವರ್ಣ, ಗೋಧಿ ಬಣ್ಣ, ಎಣ್ಣೆಗೆಂಪು! ‘ಕಪ್ಪು’ ಎಂದು ಬರೆದ ಪತ್ರವನ್ನು ನಾವು ಇದುವರೆಗೆ ಕಂಡಿಲ್ಲ. ಹುಡುಗನ ಪತ್ರದಲ್ಲಿ ಅದೇ ಜಾಗದಲ್ಲಿ ಹೊಲ ಎಷ್ಟು, ಪಗಾರ ಎಷ್ಟು ಎಂದಿರುತ್ತದೆ. ಎಂ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳ ತಾಯಿ ಒಮ್ಮೆ ನಮ್ಮೆದುರು ಕುಳಿತು, “ಈ ಸಾಲೊಂದು ಬಿಟ್ಟು ಬರದ್ರ ನಡೀತೈತೇನ್ರೀ?” ಎಂದು ಕೇಳಿದರು. ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಚೆಲುವನ್ನು ಗುರುತಿಸುವ ಕಣ್ಣು ಹುಟ್ಟಿನಿಂದಲೇ ಬಂದದ್ದೆಂದು ನಾವು ತಿಳಿದಿರುತ್ತೇವೆ. ಆದರೆ ಜಪಾನಿನಲ್ಲಿ ಶತಮಾನಗಳ ಕಾಲ ಕಪ್ಪು ಹಲ್ಲೇ ಚೆಲುವು. ಮದುವೆಯಾದ ಹೆಂಗಸರು ಕಬ್ಬಿಣವನ್ನು ಹುಳಿಯಲ್ಲಿ ನೆನೆಹಾಕಿದ ನೀರಿನಿಂದ ಹಲ್ಲುಗಳನ್ನು ಕಪ್ಪಾಗಿಸಿಕೊಳ್ಳುತ್ತಿದ್ದರು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿಯ ಹಲ್ಲಿನಲ್ಲಿ ಕಾಣಿಸಿಕೊಂಡ ಮೇಲೆ ಆ ರೂಢಿ ಸರಿಯತೊಡಗಿತು. ಆಫ್ರಿಕಾದ ಮರುಭೂಮಿ ದೇಶ ಮಾರಿಟೇನಿಯಾದಲ್ಲಿ ಹೆಣ್ಣುಮಕ್ಕಳಿಗೆ ಒತ್ತಾಯದಿಂದ ಹಾಲು ಕುಡಿಸಿ ದಪ್ಪ ಮಾಡುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಬರಗಾಲದ ನಾಡಿನಲ್ಲಿ ಮೈತುಂಬಿದ ಮಗಳೆಂದರೆ ತಂದೆಯ ಕೊಟ್ಟಿಗೆ ತುಂಬಿದೆ ಎಂದೇ ಅರ್ಥ. ಯುರೋಪಿನಲ್ಲಿ ಹೊಲದಲ್ಲಿ ದುಡಿಯುವವರು ಕಂದುತ್ತಿದ್ದ ಕಾಲಕ್ಕೆ ಬಿಳುಪು ದೊಡ್ಡಮನೆಯ ಗುರುತಾಗಿತ್ತು. ದುಡಿಮೆ ಕಾರ್ಖಾನೆಯ ಸೂರಿನಡಿ ಸೇರಿ, ಸಮುದ್ರತೀರದ ವಿರಾಮ ಉಳ್ಳವರ ಪಾಲಾದ ಮೇಲೆ, 1920ರ ದಶಕದಿಂದ ಬಿಸಿಲಿಗೆ ಕಂದಿದ ಮೈಯೇ ಫ್ಯಾಶನ್ನಾಯಿತು! ನಮ್ಮಲ್ಲಿಯೂ ಬಿಸಿಲಿಗೆ ಹೋಗದ ಮಗಳೆಂದರೆ ಉಳ್ಳವರ ಮಗಳು ಎಂಬ ಎಣಿಕೆ ಬಿಳುಪಿನ ಆಸೆಯ ಹಿಂದಿದೆ.

ಈ ಕಣ್ಣು ಎಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ ಫಿಜಿ ದ್ವೀಪದ ಕಥೆಯನ್ನು ಕೇಳಬೇಕು. ಅಲ್ಲಿನ ಮೂಲನಿವಾಸಿಗಳಲ್ಲಿ ತುಂಬಿದ ಮೈಗೆ ಮನ್ನಣೆ. ಮಗಳು ಸೊರಗಿದರೆ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂದು ನೆಂಟರು ಆಡಿಕೊಳ್ಳುತ್ತಿದ್ದರು. “ಯಾಕವ್ವಾ, ಇಷ್ಟ್ಯಾಕ ಸೊರಗೀದಿ?” ಎಂದು ಕೇಳುವ ನಮ್ಮ ಆಯಿಯರ ದನಿಯೇ ಅದು. ಆ ದೇಶದ ನಡ್ರೋಗಾ ಪ್ರಾಂತಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಆಗಲೇ ಆನ್ ಬೆಕರ್ ಎಂಬ ಅಮೆರಿಕದ ವೈದ್ಯೆ ಅಲ್ಲಿಯ 63 ಶಾಲಾ ಹುಡುಗಿಯರನ್ನು ಪ್ರಶ್ನಿಸಿದ್ದರು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವ ಹುಡುಗಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಅದೇ ವಯಸ್ಸಿನ 65 ಹುಡುಗಿಯರ ಇನ್ನೊಂದು ತಂಡವನ್ನು ಕೇಳಿದಾಗ 100ಕ್ಕೆ 11ರಷ್ಟು ಹುಡುಗಿಯರು ಹಾಗೆ ಮಾಡುತ್ತಿದ್ದರು. 74ರಷ್ಟು ಹುಡುಗಿಯರಿಗೆ ತಾವು ದಪ್ಪ ಎಂಬ ಕೊರಗು ಅಂಟಿತ್ತು. ಬರೀ ಮೂರೇ ವರ್ಷ! ಟಿ.ವಿ.ಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ತೆಳ್ಳಗಿನ ನಟಿಯರಂತಾದರೆ ನೌಕರಿ ಸಿಗುತ್ತದೆ, ಬದುಕು ಸುಧಾರಿಸುತ್ತದೆ ಎಂದು ಆ ಮಕ್ಕಳು ನಂಬಿದ್ದರು. ಅವರ ಆಸೆ ಚೆಲುವಿಗಿಂತ ಬದುಕಿನ ಮೇಲೇ ಹೆಚ್ಚಿತ್ತೆಂದು ನಮಗೆ ತೋರುತ್ತದೆ.

ಇನ್ನು ಚೀನಾ. ಐದಾರು ವರ್ಷದ ಹೆಣ್ಣುಮಗುವಿನ ನಾಲ್ಕು ಬೆರಳುಗಳನ್ನು ಅಂಗಾಲಿನಡಿ ಮಡಚಿ, ಬಟ್ಟೆಯಿಂದ ಬಿಗಿದು, ಪಾದ ಬೆಳೆಯದಂತೆ ಮಾಡುವ ಪದ್ಧತಿ ಅಲ್ಲಿ ಶತಮಾನಗಳ ಕಾಲ ನಡೆಯಿತು. ಮೂರು ಅಂಗುಲದ ಪಾದಕ್ಕೆ ‘ಚಿನ್ನದ ಕಮಲ’ವೆಂದು ಹೆಸರು. ಕಟ್ಟುತ್ತಿದ್ದವಳು ಹೆಚ್ಚಾಗಿ ಹೆತ್ತ ತಾಯಿಯೇ. ಮಗು ನೋವಿನಿಂದ ಚೀರುತ್ತಿದ್ದರೂ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಮಗಳಿಗೆ ಒಳ್ಳೆಯ ಮನೆ ಸಿಗುವುದಿಲ್ಲವೆಂಬ ಭಯ. ಇದಕ್ಕೆ ಇನ್ನೊಂದು ಮುಖವೂ ಇತ್ತೆಂದು ಲಾರೆಲ್ ಬಾಸೆನ್, ಹಿಲ್ ಗೇಟ್ಸ್ ಎಂಬ ಸಂಶೋಧಕಿಯರು 2017ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಹಳ್ಳಿಗಳ ಮುದುಕಿಯರನ್ನು ನೂರಾರು ಸಂಖ್ಯೆಯಲ್ಲಿ ಮಾತನಾಡಿಸಿದ ಅವರಿಗೆ ತಿಳಿದದ್ದು, ಕಾಲು ಕಟ್ಟಿದ ಹುಡುಗಿ ಕುಳಿತಲ್ಲೇ ಕುಳಿತು ನೂಲು ತೆಗೆಯುತ್ತಿದ್ದಳು ಎಂಬುದು. ಗಿರಣಿಯ ನೂಲು, ಬಟ್ಟೆ ಬಂದು ಕೈಕೆಲಸಕ್ಕೆ ಬೆಲೆ ಹೋದಂತೆ ಕಾಲು ಕಟ್ಟುವುದೂ ಹಿಂದೆ ಸರಿಯಿತು. ಗಿರಣಿ-ಮಗ್ಗಗಳ ಸೊಲ್ಲಾಪುರ ಸೀಮೆಯ ನಮ್ಮ ಓದುಗರಿಗೆ ಇದು ತಟ್ಟನೆ ಅರ್ಥವಾದೀತು.

17ನೆಯ ಶತಮಾನದಲ್ಲಿ ಮಂಚು ಅರಸರು ನಿಷೇಧಿಸಿ ನೋಡಿದ್ದರು. ಜನ ಕೇಳಲಿಲ್ಲ. 19ನೆಯ ಶತಮಾನದ ಕೊನೆಗೆ ಹುಟ್ಟಿದ ಸಂಘಗಳು ಬೇರೆಯೇ ಹಾದಿ ಹಿಡಿದವು. ಸೇರುವ ತಂದೆತಾಯಿ ಎರಡು ಮಾತು ಕೊಡಬೇಕಿತ್ತು: ನಮ್ಮ ಮಗಳ ಕಾಲು ಕಟ್ಟುವುದಿಲ್ಲ, ಕಾಲು ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ. ಎರಡನೆಯ ಮಾತಿನಲ್ಲೇ ಎಲ್ಲ ಇತ್ತು. ಕಾಲು ಬಿಚ್ಚಿದ ಮಗಳಿಗೆ ವರ ಎಲ್ಲಿ ಎಂಬ ತಾಯಿಯ ಭಯಕ್ಕೆ ಅಲ್ಲಿ ಪರಿಹಾರವಿತ್ತು. ದಿಂಗ್‌ಷಿಯನ್ ಎಂಬ ಪ್ರದೇಶದಲ್ಲಿ 1889ರ ಸುಮಾರಿಗೆ 100ಕ್ಕೆ 99 ಹೆಣ್ಣುಮಕ್ಕಳ ಕಾಲು ಕಟ್ಟುತ್ತಿದ್ದರು. 1919ರ ಹೊತ್ತಿಗೆ ಹೊಸದಾಗಿ ಕಟ್ಟುವವರೇ ಇಲ್ಲವಾದರು. 1912ರ ಸರ್ಕಾರಿ ನಿಷೇಧವೂ ನೆರವಾಗಿರಬೇಕು. ಆದರೆ ಕೇವಲ ಕಾನೂನಿನಿಂದ ಆದ ಕೆಲಸ ಅದಲ್ಲ.

ನಮ್ಮ ದೇಶದಲ್ಲಿ 1975ರಲ್ಲಿ ಪೇಟೆಗೆ ಬಂದ ಹೆಸರಾಂತ ಬಿಳುಪಿನ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಮಾತನ್ನು ತೆಗೆದುಹಾಕಿತು. ಪರಿಚಯ ಪತ್ರದ ಸಾಲು ಮಾತ್ರ ಇನ್ನೂ ಹಾಗೆಯೇ ಇದೆ.

ಆ ತಾಯಿ ಮತ್ತೊಮ್ಮೆ ಬಂದಾಗ, ಬಣ್ಣದ ಸಾಲನ್ನು ಧಾರಾಳವಾಗಿ ಬಿಡಿರಿ ಎಂದೆವು. “ಗಂಡಿನವರು ಕೇಳಿದ್ರ ಏನ್ ಹೇಳೂದ್ರೀ?” ಎಂದರು. ಅವರಿಗೊಬ್ಬ ಮಗನೂ ಇದ್ದಾನೆ, ಬರುವ ವರ್ಷ ಅವನಿಗೂ ಕನ್ಯಾ ನೋಡಬೇಕು. ಆಗ ನೀವು ಹುಡುಗಿಯ ಬಣ್ಣ ಕೇಳುವುದಿಲ್ಲವೇ ಎಂದು ನಾವು ಕೇಳಿದೆವು. ಅವರು ನಕ್ಕರು. ಉತ್ತರ ಹೇಳಲಿಲ್ಲ. ಪತ್ರವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, “ಮನ್ಯಾಗ ಇವರನ್ನ ಕೇಳಿ ತಿಳಸ್ತೇನ್ರೀ” ಎಂದು ಎದ್ದರು.